ರೂವಾರಿಗಳ ಹೆಸರು

ಹೊಸದಾಗಿ ಉದ್ಯೋಗಕ್ಕೆ ಸೇರಿದ ತರುಣನಿಗೆ ನುರಿತ ಕೈ ಬರುವುದು ಹೇಗೆ? ಪರೀಕ್ಷೆಯಲ್ಲಿ ತೇರ್ಗಡೆಯಾದವನು ಮರುದಿನವೇ ಕೆಲಸಬಲ್ಲವನಾಗುವುದಿಲ್ಲವೆಂಬುದನ್ನು ಕಚೇರಿ ಕಾರ್ಖಾನೆಗಳ ಹಿರಿಯರೆಲ್ಲರೂ ಬಲ್ಲರು. ಕಲಿತ ವಿದ್ಯೆಗೂ ಮಾಡಬೇಕಾದ ಕೆಲಸಕ್ಕೂ ನಡುವೆ ಇರುವ ಅಂತರವನ್ನು ದಾಟಿಸುವ ಬಗೆಯಾವುದು ಎಂಬ ಪ್ರಶ್ನೆಗೆ ನಮ್ಮ ನಾಡಿನ ಹೊಯ್ಸಳ ದೇವಾಲಯಗಳ ಗೋಡೆಗಳಲ್ಲಿ ಒಂದು ಉತ್ತರವುಂಟು. ಅದನ್ನು ಈ ಹೊತ್ತು ನಾವು ಓದಿ ನೋಡೋಣ.

ಭಾರತದ ಪ್ರಾಚೀನ ಶಿಲ್ಪಿಗಳಲ್ಲಿ ಬಹುಮಂದಿ ತಮ್ಮ ಹೆಸರನ್ನು ತಿಳಿಸದೆಯೇ ಹೋದರು. ಹೊಯ್ಸಳರ ಕಾಲದ ರೂವಾರಿಗಳಲ್ಲಿ ಅನೇಕರಾದರೋ ತಾವು ಕಡೆದ ವಿಗ್ರಹದ ಪೀಠದ ಮೇಲೆ ಹೆಸರನ್ನು ಕೊರೆದರು. ಮೈಸೂರು ಸಂಸ್ಥಾನದ ಪ್ರಾಕ್ತನಶಾಸ್ತ್ರ ಇಲಾಖೆಯ ಆರ್. ನರಸಿಂಹಾಚಾರ್ಯರು ಇಂತಹ ಹೆಸರುಗಳನ್ನು ಸಂಗ್ರಹಿಸಿ ಪ್ರಕಟಿಸಿದ ಮೇಲೆ, ಕಲ್ಲಿನ ಹಿಂದೆ ಇದ್ದ ಮನುಷ್ಯರು ನಮಗೆ ಪರಿಚಿತರಾದರು.

ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯವನ್ನೇ ನೋಡೋಣ. ಅಲ್ಲಿಯ ಮದನಿಕೆಯರನ್ನು ಕಡೆದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಸೇರಿದ್ದಾರೆ. ತಂದೆಯ ಹೆಸರಿನಲ್ಲಿ ನಾಲ್ಕು ವಿಗ್ರಹಗಳು ಎಣಿಕೆಯಾದರೆ ಮಗನ ಹೆಸರಿನಲ್ಲಿ ಐದು ಎಣಿಕೆಯಾಗಿವೆ. ಮಗನ ಕೆಲಸವು ತಂದೆಯ ಕೀರ್ತಿಯಲ್ಲಿ ಕರಗಿಹೋಗದೆ ಅದರ ಸಾಲಿನಲ್ಲಿಯೇ ನಿಂತಿದೆಯೆಂಬುದು ನಾವು ಗಮನಿಸಬೇಕಾದ ಸಂಗತಿ.

ಮಲ್ಲಿತಮ್ಮನೆಂಬ ರೂವಾರಿಯ ಚರಿತ್ರೆಯು ಇದಕ್ಕಿಂತಲೂ ದೀರ್ಘವಾದದ್ದು. 1196ರ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಅವನು ಮಂಟಪದ ಒಳಚಾವಣಿಗಳ ಕೆಲಸದಿಂದ ವೃತ್ತಿಯನ್ನು ಆರಂಭಿಸಿದನೆಂದು ವಿದ್ವಾಂಸರು ಹೇಳುತ್ತಾರೆ. 1246ರ ನುಗ್ಗೇಹಳ್ಳಿಯಲ್ಲಿ ಬೈಚೋಜನೆಂಬ ಮತ್ತೊಬ್ಬ ಪ್ರವೀಣನೊಡನೆ ಅವನ ಹೆಸರು ಕಾಣುತ್ತದೆ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅದೇ ಹೆಸರು ಅನೇಕ ವಿಗ್ರಹಗಳ ಕೆಳಗಿದೆ. ಅದರ ಜೊತೆಗೆ ಮಸಣಿತಮ್ಮ, ಚೌಡೆಯ, ಬಾಲೆಯ, ರಾಮೆಯ ಮೊದಲಾದವರ ಹೆಸರುಗಳೂ ಇವೆ. ಇವೆಲ್ಲವೂ ಒಬ್ಬನೇ ಮಲ್ಲಿತಮ್ಮನ ಕೃತಿಗಳೆಂದು ಎಣಿಸುವವರು ಅವನ ಕಾಯಕವು ಅರುವತ್ತು ವರ್ಷಗಳಿಗೂ ಮಿಕ್ಕು ನಡೆಯಿತೆನ್ನುತ್ತಾರೆ.

ಈ ನೈಪುಣ್ಯವು ಬೆಳೆದ ಬಗೆಯನ್ನು ದೇವಾಲಯದ ರಚನೆಯೇ ಸೂಚಿಸುತ್ತದೆ. ಜಗತಿಯ ಮೇಲಣ ಕೆಳಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ ಇವು ಸಾಲುಸಾಲಾಗಿ ಮರಳಿ ಮರಳಿ ಬರುತ್ತವೆ. ಅವುಗಳ ಮೇಲೆ ದೊಡ್ಡ ವಿಗ್ರಹಗಳು ನಿಲ್ಲುತ್ತವೆ. ಒಂದೇ ರೂಪವನ್ನು ನೂರು ಸಲ ಕಡೆಯುವ ಪಟ್ಟಿಕೆಯು ಕಿರಿಯ ಕೈಗೆ ತಕ್ಕ ಪಾಠಶಾಲೆಯಾಗಿದ್ದಿರಬೇಕೆಂದು ಊಹಿಸುವುದು ಯುಕ್ತವಾಗಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿ ತಾಗುತ್ತ ಗಡುಸಾಗುತ್ತದೆ. ಉಳಿ ಹಿಡಿದ ಹೊಸಬನ ಸ್ಥಿತಿಯೂ ಅಂತಹುದೇ: ಮೊದಲಲ್ಲಿ ಬಿದ್ದ ರೇಖೆ ಒಳ್ಳೆಯದಾಗಲಿ ಕೆಟ್ಟದಾಗಲಿ, ಮುಂದೆ ಅಳಿಸುವುದು ಕಷ್ಟ.

ಆದರೆ ಇಂತಹ ವಿದ್ಯೆಯು ಕೆಲಸವಿರುವವರೆಗೆ ಮಾತ್ರ ಉಳಿಯುತ್ತದೆ. 1311ರಲ್ಲಿ ದೆಹಲಿಯ ಸೈನ್ಯವು ದ್ವಾರಸಮುದ್ರದ ಮೇಲೆ ಏರಿಬಂದಿತು. ಹದಿನಾಲ್ಕನೆಯ ಶತಮಾನದ ನಡುವಿನ ಹೊತ್ತಿಗೆ ಹೊಯ್ಸಳ ರಾಜ್ಯವೇ ಮುಗಿಯಿತು. ಗೋಡೆಗಳು ಉಳಿದುವು, ಆ ಶೈಲಿಯಲ್ಲಿ ಅಷ್ಟು ದೊಡ್ಡ ಕಾರ್ಯವನ್ನು ಮತ್ತೆ ಕೈಗೊಳ್ಳುವ ಪರಂಪರೆಯು ಕಡಿದುಹೋಯಿತು. ಒಂದು ತಲೆಮಾರು ಕಿರಿಯರಿಗೆ ಉಳಿಯನ್ನು ಕೊಡದೆ ಹೋದರೆ, ಮುಂದಿನ ತಲೆಮಾರಿಗೆ ಕೊಡುವುದಕ್ಕೆ ಏನೂ ಉಳಿಯುವುದಿಲ್ಲ.

ಆದಕಾರಣ ಇಂದು ಕಿರಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹಿರಿಯರು ಮೂರು ಮಾತುಗಳನ್ನು ನೆನೆಯಬೇಕು. ಮೊದಲನೆಯದು, ಹೊಸಬನಿಗೆ ಸಣ್ಣದಾದರೂ ನಿಜವಾದ ಕೆಲಸವನ್ನೇ ಕೊಡುವುದು. ಎರಡನೆಯದು, ಪ್ರವೀಣನೊಬ್ಬನ ಪಕ್ಕದಲ್ಲಿ ಅವನನ್ನು ನಿಲ್ಲಿಸುವುದು. ಮೂರನೆಯದು, ಅವನು ಮಾಡಿದುದರ ಕೆಳಗೆ ಅವನ ಹೆಸರನ್ನೇ ಬರೆಯಗೊಡುವುದು. ಹೆಸರು ಕೊರೆದವನು ಹೊಣೆಯನ್ನೂ ಹೊರುತ್ತಾನೆ. ಕಿರಿಯರಾದರೋ ಪಟ್ಟಿಕೆಯ ಆನೆಗಳನ್ನು ಅಲ್ಪವೆಂದು ಎಣಿಸದೆ ಕಡೆಯಲಿ. ದೊಡ್ಡ ವಿಗ್ರಹಕ್ಕೆ ಏರುವ ಮೆಟ್ಟಿಲು ಅಲ್ಲಿಯೇ ಇದೆ.