ಹೆದರುವ ಮೊದಲು ಲೆಕ್ಕ

1962ರ ಫೆಬ್ರುವರಿಯಲ್ಲಿ ಅಷ್ಟಗ್ರಹ ಕೂಡಿದಾಗ ಲೋಕವೇ ಮುಗಿಯಿತೆಂಬ ಭಯ ದೇಶದ ತುಂಬ ಹಬ್ಬಿತ್ತು. ಊರೂರಿನಲ್ಲಿ ಹೋಮ, ಭಜನೆ ನಡೆದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿರುವ ನಮ್ಮ ಬಳಗದ ಹಿರಿಯ ಹೆಂಗಸರು ಅದನ್ನು ಎಷ್ಟೋ ವರ್ಷ ಹೇಳುತ್ತಿದ್ದರು. ಲೋಕ ಉಳಿಯಿತು, ಭಯವೂ ಉಳಿಯಿತು.

ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು ಅದೇ ದಶಕದ ಕೊನೆಗೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೇರೊಂದು ಲೆಕ್ಕ ಹಿಡಿದು ಕುಳಿತಿದ್ದರು. ಬೆಳಕನ್ನೂ ನುಂಗುವ ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಕೆಟ್ಟುಹೋದೀತೆ? ಇಲ್ಲ, ಬಡಿದ ಗಂಟೆಯಂತೆ ಕಂಪಿಸಿ, ಗುರುತ್ವದ ಅಲೆಗಳನ್ನು ಹೊಮ್ಮಿಸಿ ತಣ್ಣಗಾಗುತ್ತದೆಂದು 1970ರಲ್ಲಿ ತೋರಿಸಿದರು.

ತಾಯ್ನಾಡಿಗೆ ಮರಳಿ ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರಾದರು. ಜನರಿಗೆ ಆಕಾಶ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು, ಸುಮಾರು 130 ಕೋಟಿ ವರ್ಷಗಳ ಹಿಂದೆ ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದ ಅಲೆ ಅಮೆರಿಕದ ಲೈಗೋ ಯಂತ್ರಗಳನ್ನು ಮುಟ್ಟಿತು. ಅದರ ಕೊನೆಯಲ್ಲಿ ಇಳಿಯುವ ಗಂಟೆಯ ದನಿಯಿತ್ತು. ಅದನ್ನು ತಿಳಿದೇ ಅವರು 2017ರ ಜನವರಿಯಲ್ಲಿ ತೀರಿಕೊಂಡರು.

ಪ್ರಳಯದ ಸುದ್ದಿ ಹಿಡಿದು ಬರುವ ಹುಡುಗಿಯರಿಗೆ ನಾನು ಇವರ ಕಥೆ ಹೇಳುತ್ತೇನೆ. ಹೆದರೋದು ಆಮೇಲೆ ಇದ್ದೇ ಇದೆ, ಮೊದಲು ಲೆಕ್ಕ ಮಾಡಿ ನೋಡವ್ವ ಅನ್ನುತ್ತೇನೆ.