ಕಿನಿಸಿಯಾಲಜಿ ಟೇಪ್ ಮತ್ತು ಕಾಲಿನ ಸ್ನಾಯುಬಲ

ಕಿನಿಸಿಯಾಲಜಿ ಟೇಪ್ ಎಂಬುದು ಚರ್ಮದ ಮೇಲೆ ಅಂಟಿಸಬಹುದಾದ, ಹಿಗ್ಗುವ ಗುಣವುಳ್ಳ ಹತ್ತಿಬಟ್ಟೆಯ ಪಟ್ಟಿ. ಕ್ರೀಡಾಪಟುಗಳು ಹಾಗೂ ಫಿಸಿಯೋಥೆರಪಿ ತಜ್ಞರು ಇದನ್ನು ನೋವು, ಊತ ಮತ್ತು ಸ್ನಾಯುಗಳ ದಣಿವನ್ನು ತಗ್ಗಿಸುವ ಉದ್ದೇಶದಿಂದ ಬಳಸುತ್ತಾರೆ. ಗಾಯವಿಲ್ಲದ ಆರೋಗ್ಯವಂತರಲ್ಲಿ ಇದು ಕಾಲಿನ ಸ್ನಾಯುಗಳ ಬಲವನ್ನು ಹೆಚ್ಚಿಸುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಈ ನಂಬಿಕೆಯನ್ನು ಪರೀಕ್ಷಿಸಿದ ನಿಯಂತ್ರಿತ ಅಧ್ಯಯನಗಳಲ್ಲಿ ಹೆಚ್ಚಿನವು ಬಲದಲ್ಲಿ ಗಮನಾರ್ಹ ಏರಿಕೆಯನ್ನು ಕಂಡಿಲ್ಲ.

ಇತಿಹಾಸ

ಈ ಟೇಪನ್ನು 1970ರ ದಶಕದಲ್ಲಿ ಜಪಾನಿನ ಕೈರೋಪ್ರಾಕ್ಟರ್ ಕೆಂಜೊ ಕಾಸೆ ರೂಪಿಸಿದರು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಬಿಳಿಯ ಬಿಗಿ ಟೇಪು ಕೀಲಿನ ಚಲನೆಯನ್ನು ತಡೆಯುತ್ತಿತ್ತು. ಚಲನೆಗೆ ಅಡ್ಡಿಯಾಗದೆ ಆಸರೆ ನೀಡುವ ಪಟ್ಟಿಯೊಂದನ್ನು ತಯಾರಿಸುವುದು ಕಾಸೆ ಅವರ ಉದ್ದೇಶವಾಗಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರ್ರಿ ವಾಲ್ಷ್ ಅವರ ಭುಜದ ಮೇಲೆ ಕಾಣಿಸಿಕೊಂಡ ನಂತರ ಬಣ್ಣದ ಟೇಪು ಜಗತ್ತಿನಾದ್ಯಂತ ಪರಿಚಿತವಾಯಿತು.

ರಚನೆ ಮತ್ತು ಅಂಟಿಸುವ ವಿಧಾನ

ಸಾಮಾನ್ಯವಾಗಿ ಒಂದು ಸುರುಳಿಯ ಅಗಲ 5 ಸೆಂ.ಮೀ., ಉದ್ದ 5 ಮೀಟರ್. ಹತ್ತಿಯ ನೇಯ್ಗೆಯ ಒಂದು ಬದಿಗೆ ಅಕ್ರಿಲಿಕ್ ಅಂಟನ್ನು ಅಲೆಯಾಕಾರದಲ್ಲಿ ಲೇಪಿಸಲಾಗಿರುತ್ತದೆ. ಅಂಗೈಯಿಂದ ಉಜ್ಜಿದಾಗ ಉಂಟಾಗುವ ಶಾಖದಿಂದ ಅಂಟು ಬಿಗಿಯುತ್ತದೆ. ಟೇಪು ಉದ್ದಕ್ಕೆ ಮಾತ್ರ ಹಿಗ್ಗುತ್ತದೆ, ಅಡ್ಡಕ್ಕೆ ಹಿಗ್ಗುವುದಿಲ್ಲ. ಸಾಮಾನ್ಯವಾಗಿ 3ರಿಂದ 5 ದಿನ ಚರ್ಮದ ಮೇಲೆ ಉಳಿಯುತ್ತದೆ. ಒಂದೇ ತಯಾರಿಕೆಯ ಟೇಪುಗಳಲ್ಲಿ ಬಣ್ಣದ ವ್ಯತ್ಯಾಸದಿಂದ ಗುಣದಲ್ಲಿ ವ್ಯತ್ಯಾಸವಾಗುವುದಿಲ್ಲ.

ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್, ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮತ್ತು ಮೀನಖಂಡದ ಸ್ನಾಯುಗಳ ಮೇಲೆ ಇದನ್ನು ಹೆಚ್ಚಾಗಿ ಅಂಟಿಸಲಾಗುತ್ತದೆ. ಈ ಪದ್ಧತಿಯ ಪ್ರತಿಪಾದಕರ ಪ್ರಕಾರ, ಸ್ನಾಯುವಿನ ಮೂಲದಿಂದ ಅದು ಕೊನೆಗೊಳ್ಳುವ ತುದಿಯ ಕಡೆಗೆ ಅಂಟಿಸಿದರೆ ಸ್ನಾಯು ಉತ್ತೇಜನಗೊಳ್ಳುತ್ತದೆ. ವಿರುದ್ಧ ದಿಕ್ಕಿನಲ್ಲಿ ಅಂಟಿಸಿದರೆ ಸಡಿಲಗೊಳ್ಳುತ್ತದೆ.

ಪ್ರತಿಪಾದಿತ ಕಾರ್ಯವಿಧಾನ

ಬಲ ಹೆಚ್ಚುತ್ತದೆ ಎಂಬ ವಾದಕ್ಕೆ ಮುಖ್ಯವಾಗಿ ಎರಡು ವಿವರಣೆಗಳಿವೆ. ಮೊದಲನೆಯದು, ಟೇಪು ಚರ್ಮದಲ್ಲಿನ ಸ್ಪರ್ಶಗ್ರಾಹಕಗಳನ್ನು ಪ್ರಚೋದಿಸಿ, ಅವುಗಳ ಸಂಕೇತದಿಂದ ಹೆಚ್ಚು ಸ್ನಾಯುತಂತುಗಳು ಕೆಲಸಕ್ಕೆ ತೊಡಗುವಂತೆ ಮಾಡುತ್ತದೆ ಎಂಬುದು. ಎರಡನೆಯದು, ಟೇಪು ಚರ್ಮವನ್ನು ಸ್ವಲ್ಪ ಮೇಲೆತ್ತುವುದರಿಂದ ಕೆಳಗಿನ ರಕ್ತ ಮತ್ತು ದುಗ್ಧರಸದ ಹರಿವು ಸುಗಮವಾಗುತ್ತದೆ ಎಂಬುದು. ಅಂಟಿಸಿದ ಟೇಪಿನ ಮೇಲೆ ಮೂಡುವ ಸುಕ್ಕುಗಳನ್ನು ಇದರ ಕುರುಹೆಂದು ಭಾವಿಸಲಾಗುತ್ತದೆ. ಆದರೆ ದೀರ್ಘಕಾಲದ ಸೊಂಟನೋವಿದ್ದ 148 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಕ್ಕುಗಳಿರುವಂತೆ ಅಂಟಿಸಿದ ಟೇಪಿಗೂ ಸುಕ್ಕುಗಳಿಲ್ಲದೆ ಅಂಟಿಸಿದ ಟೇಪಿಗೂ ಪರಿಣಾಮದಲ್ಲಿ ಮಹತ್ವದ ವ್ಯತ್ಯಾಸ ಕಂಡುಬರಲಿಲ್ಲ.

ಬಲದ ಅಳತೆ

ಕಾಲಿನ ಬಲವನ್ನು ಅಳೆಯಲು ಐಸೊಕೈನೆಟಿಕ್ ಡೈನಮೋಮೀಟರ್ ಎಂಬ ಯಂತ್ರವನ್ನು ಬಳಸುತ್ತಾರೆ. ಕುಳಿತ ವ್ಯಕ್ತಿಯು ಯಂತ್ರದ ತೋಳಿಗೆ ಕಾಲನ್ನು ಒತ್ತಿ ಮಂಡಿಯನ್ನು ಚಾಚುತ್ತಾನೆ. ಅವನು ಎಷ್ಟೇ ಜೋರಾಗಿ ಒತ್ತಿದರೂ ಯಂತ್ರವು ವೇಗವನ್ನು, ಉದಾಹರಣೆಗೆ ಸೆಕೆಂಡಿಗೆ 60 ಅಥವಾ 180 ಡಿಗ್ರಿಯಂತೆ, ಸ್ಥಿರವಾಗಿಡುತ್ತದೆ. ಆಗ ದಾಖಲಾಗುವ ಗರಿಷ್ಠ ಟಾರ್ಕ್ ಅನ್ನು ನ್ಯೂಟನ್-ಮೀಟರ್‌ಗಳಲ್ಲಿ ಸೂಚಿಸಲಾಗುತ್ತದೆ. ಒಂಟಿಕಾಲಿನ ಜಿಗಿತದ ದೂರ ಮತ್ತು ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಎಲೆಕ್ಟ್ರೋಮಯೋಗ್ರಫಿ ಇತರ ಸಾಮಾನ್ಯ ಪರೀಕ್ಷೆಗಳು.

ಸಂಶೋಧನೆಗಳು

ಆರಂಭಿಕ ಅಧ್ಯಯನಗಳ ಫಲಿತಾಂಶಗಳು ಪರಸ್ಪರ ಭಿನ್ನವಾಗಿದ್ದವು. 2007ರಲ್ಲಿ ಪ್ರಕಟವಾದ ಪೋಲೆಂಡಿನ ಅಧ್ಯಯನವು ಟೇಪು ಅಂಟಿಸಿದ 24 ಗಂಟೆಗಳ ನಂತರ ತೊಡೆಯ ಒಳಬದಿಯ ಸ್ನಾಯುವಿನ ವಿದ್ಯುತ್ ಚಟುವಟಿಕೆ ಹೆಚ್ಚಿದುದನ್ನು ವರದಿ ಮಾಡಿತು. 2010ರಲ್ಲಿ 20 ಮಂದಿ ಆರೋಗ್ಯವಂತ ಮಹಿಳೆಯರ ಮೇಲೆ ನಡೆದ ಅಧ್ಯಯನವು ಸ್ನಾಯು ಹಿಗ್ಗುತ್ತಾ ಪ್ರತಿರೋಧಿಸುವ ಬಗೆಯ ಚಲನೆಯಲ್ಲಿ ಬಲ ಏರಿದುದನ್ನು ಕಂಡಿತು. ಆದರೆ 2008ರಲ್ಲಿ 14 ಯುವ ಕ್ರೀಡಾಪಟುಗಳನ್ನು ಟೇಪಿಲ್ಲದೆ, ಅಂಟಿಸಿದ ಕೂಡಲೇ ಹಾಗೂ 12 ಗಂಟೆಗಳ ಬಳಿಕ ಪರೀಕ್ಷಿಸಿದಾಗ ಯಾವ ವ್ಯತ್ಯಾಸವೂ ಕಂಡುಬಂದಿರಲಿಲ್ಲ.

ನಂತರದ ಅಧ್ಯಯನಗಳಲ್ಲಿ ಹುಸಿ ಟೇಪಿನ ಹೋಲಿಕೆಯನ್ನೂ ಸೇರಿಸಲಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 36 ಆರೋಗ್ಯವಂತರಿಗೆ ಉತ್ತೇಜಕ, ಶಾಮಕ ಮತ್ತು ಹುಸಿ ಎಂಬ ಮೂರು ಬಗೆಯಲ್ಲಿ ಬೇರೆ ಬೇರೆ ದಿನ ಟೇಪು ಅಂಟಿಸಲಾಯಿತು. ಕ್ವಾಡ್ರಿಸೆಪ್ಸ್‌ನ ಬಲದಲ್ಲಿ ಗಮನಾರ್ಹ ಬದಲಾವಣೆ ಆಗಲಿಲ್ಲ. 2013ರಲ್ಲಿ 60 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶವೂ ಇದೇ ಆಗಿತ್ತು.

ನಿರೀಕ್ಷೆಯ ಪ್ರಭಾವವನ್ನು ನೇರವಾಗಿ ಪರೀಕ್ಷಿಸಿದ್ದು 2015ರ ಹಾಂಗ್‌ಕಾಂಗ್ ಅಧ್ಯಯನ. ಅದರಲ್ಲಿ ಇಂತಹ ಟೇಪಿನ ಬಗ್ಗೆ ಏನೂ ತಿಳಿಯದ 30 ಮಂದಿಯನ್ನು ಆರಿಸಿ, ಅಂಟಿಸುತ್ತಿರುವುದು ಸ್ನಾಯುವಿನ ಚಟುವಟಿಕೆ ಅಳೆಯುವ ಸಂವೇದಕವೆಂದು ಹೇಳಲಾಯಿತು. ನಿಜವಾದ ಟೇಪು, ಹುಸಿ ಟೇಪು ಮತ್ತು ಟೇಪಿಲ್ಲದ ಸ್ಥಿತಿ, ಈ ಮೂರರಲ್ಲೂ ಮಂಡಿ ಚಾಚುವ ಬಲ ಒಂದೇ ಆಗಿತ್ತು. ಹಿಂದಿನ ಕೆಲವು ಅಧ್ಯಯನಗಳಲ್ಲಿ ಕಂಡ ಏರಿಕೆಗೆ ಪ್ಲಸೀಬೊ ಪರಿಣಾಮ ಕಾರಣವಾಗಿರಬಹುದೆಂದು ಸಂಶೋಧಕರು ಸೂಚಿಸಿದರು. ಅದೇ ವರ್ಷ ಪ್ರಕಟವಾದ, 19 ಅಧ್ಯಯನಗಳ 530 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು, ಆರೋಗ್ಯವಂತರ ಸ್ನಾಯುಬಲದ ಮೇಲೆ ಟೇಪಿನ ಪರಿಣಾಮ ಇಲ್ಲ ಅಥವಾ ನಗಣ್ಯ ಎಂಬ ನಿರ್ಣಯಕ್ಕೆ ಬಂದಿತು.

ಬೆಂಗಳೂರಿನಲ್ಲಿ

ಉತ್ತರ ಬೆಂಗಳೂರು ಕ್ರೀಡಾ ತರಬೇತಿಯ ಪ್ರಮುಖ ನೆಲೆಗಳಲ್ಲಿ ಒಂದು. ಯಲಹಂಕದ ಸಮೀಪದಲ್ಲಿ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರವಿದೆ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಹೊಸ ಉತ್ಕೃಷ್ಟತಾ ಕೇಂದ್ರವು 2024ರ ಸೆಪ್ಟೆಂಬರ್‌ನಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಳಿ ಉದ್ಘಾಟನೆಗೊಂಡಿತು. ಕರ್ನಾಟಕದಲ್ಲಿ ಫಿಸಿಯೋಥೆರಪಿ ಪದವಿಗಳನ್ನು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಇತರ ಕೆಲವು ವಿಶ್ವವಿದ್ಯಾಲಯಗಳು ನೀಡುತ್ತವೆ. ಟೇಪು ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿ, ಕ್ರೀಡಾ ಸಾಮಗ್ರಿಗಳ ಮಳಿಗೆ ಮತ್ತು ಆನ್‌ಲೈನ್‌ನಲ್ಲಿ ದೊರೆಯುವುದರಿಂದ, ಶಾಲಾ ಮಕ್ಕಳು ಹಾಗೂ ಹವ್ಯಾಸಿ ಓಟಗಾರರು ತಾವೇ ಕೊಂಡು ಬಳಸುವುದೂ ಉಂಟು.

ಮಿತಿಗಳು ಮತ್ತು ಎಚ್ಚರಿಕೆ

ಮೇಲಿನ ನಿರ್ಣಯಗಳು ಆರೋಗ್ಯವಂತರ ಬಲಕ್ಕೆ ಮಾತ್ರ ಸಂಬಂಧಿಸಿದವು. ನೋವಿರುವವರಲ್ಲಿ ಟೇಪಿನ ಉಪಯೋಗ ಪ್ರತ್ಯೇಕ ಪ್ರಶ್ನೆ. ಅಲ್ಲಿ ಕೆಲವು ಅಧ್ಯಯನಗಳು ಅಲ್ಪಾವಧಿಯ ಸಣ್ಣ ಉಪಶಮನವನ್ನು ತೋರಿಸಿವೆ. ಟೇಪು ಕಟ್ಟಿಕೊಂಡಾಗ ಭರವಸೆ ಮೂಡಿದರೂ ಗಾಯ ಗುಣವಾದಂತಲ್ಲ. ಮಂಡಿ ಅಥವಾ ಹರಡಿನ ನೋವನ್ನು ಲೆಕ್ಕಿಸದೆ ಟೇಪಿನ ಬಲದ ಮೇಲೆ ಆಟ ಮುಂದುವರಿಸಿದರೆ ಗಾಯ ಉಲ್ಬಣಿಸಬಹುದು.

ತೆರೆದ ಗಾಯ, ಚರ್ಮದ ಸೋಂಕು ಮತ್ತು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಶಂಕೆ ಇರುವಾಗ ಟೇಪು ಅಂಟಿಸಬಾರದು. ತುರಿಕೆ, ಕೆಂಪಗಾಗುವಿಕೆ ಅಥವಾ ಗುಳ್ಳೆ ಕಂಡುಬಂದರೆ ಕೂಡಲೇ ತೆಗೆಯಬೇಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರು ವೈದ್ಯರ ಸಲಹೆ ಪಡೆಯುವುದು ಅಗತ್ಯ.

ಕಾಲಿನ ಬಲವನ್ನು ಹೆಚ್ಚಿಸುವ ದೃಢಪಟ್ಟ ಮಾರ್ಗವೆಂದರೆ ಭಾರವನ್ನು ಹಂತಹಂತವಾಗಿ ಏರಿಸುವ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರದಲ್ಲಿ ಕನಿಷ್ಠ 2 ದಿನ ಪ್ರಮುಖ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ.