ಟ್ರೈಕೋಗ್ರಾಮ ಕಣಜ: ಒಂದು ಹೆಸರಿನ ಶೋಧನೆಯ ಇತಿಹಾಸ

ಪೈರಿನ ಶತ್ರುವಾದ ಕೀಟವನ್ನು ಅದರ ಸಹಜವೈರಿಯಿಂದಲೇ ಅಡಗಿಸುವ ಉಪಾಯಕ್ಕೆ ಜೈವಿಕ ಹತೋಟಿಯೆಂದು ಹೆಸರು. ಈ ಕಾರ್ಯಕ್ಕೆ ಲೋಕದಲ್ಲಿ ವಿಪುಲವಾಗಿ ಬಳಕೆಯಾದ ಜೀವಿಗಳಲ್ಲಿ ಟ್ರೈಕೋಗ್ರಾಮ ಕುಲದ ಕಣಜಗಳು ಮುಖ್ಯವಾದವು. ಮಿಲಿಮೀಟರಿಗಿಂತಲೂ ಚಿಕ್ಕದಾದ ಈ ಕಣಜವು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಮರಿಯು ಆ ಮೊಟ್ಟೆಯನ್ನೇ ಉಂಡು ಬೆಳೆಯುವುದರಿಂದ ಪೈರನ್ನು ಕೊರೆಯಬೇಕಾದ ಹುಳು ಹುಟ್ಟುವುದೇ ಇಲ್ಲ. ಮೈಸೂರು ಸಂಸ್ಥಾನದಲ್ಲಿ 1930ರ ದಶಕದಲ್ಲಿಯೇ ಕಬ್ಬಿನ ಕೊರಕಗಳ ಮೇಲೆ ಬಿಡುವುದಕ್ಕಾಗಿ ಇವನ್ನು ಹೇರಳವಾಗಿ ಸಾಕುವ ಪ್ರಯೋಗಗಳು ನಡೆದವು.

ಆದರೆ ಹೊಲಕ್ಕೆ ಬಿಟ್ಟ ಕಣಜ ಯಾವುದು? ಈ ಸರಳ ಪ್ರಶ್ನೆಗೆ ಬಹುಕಾಲ ಖಚಿತವಾದ ಉತ್ತರವಿರಲಿಲ್ಲ. ಈ ಕುಲದಲ್ಲಿ ಇನ್ನೂರಕ್ಕೂ ಮಿಕ್ಕ ಪ್ರಭೇದಗಳಿದ್ದು, ಹೊರನೋಟಕ್ಕೆ ಒಂದರಂತೆ ಇನ್ನೊಂದು ತೋರುತ್ತದೆ. ಮೈಬಣ್ಣವನ್ನು ನಂಬೋಣವೆಂದರೆ ಅದು ಬೆಳೆದ ಕಾಲದ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಗಾತ್ರವನ್ನು ನಂಬೋಣವೆಂದರೆ ಅದು ಆಶ್ರಯ ಕೊಟ್ಟ ಮೊಟ್ಟೆಯನ್ನು ಅನುಸರಿಸುತ್ತದೆ. ಹೀಗಾಗಿ ಅಮೆರಿಕದ ಮಿನುಟಮ್ ಪ್ರಭೇದದ ಹೆಸರು ಭಾರತದ ಕಣಜಕ್ಕೂ ಅಂಟಿಕೊಂಡಿತು. ಒಂದೊಂದು ಪ್ರಭೇದಕ್ಕೆ ಒಗ್ಗುವ ಪತಂಗವೂ ತಾಳುವ ಬಿಸಿಲೂ ಬೇರೆ ಬೇರೆ. ಹೆಸರು ತಪ್ಪಿದರೆ ಒಂದೆಡೆಯ ಯಶಸ್ಸು ಇನ್ನೊಂದೆಡೆಗೆ ಪಾಠವಾಗದು.

ಈ ತೊಡಕನ್ನು ಬಿಡಿಸಿದ ಮಹತ್ವದ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಕಾಮನ್‌ವೆಲ್ತ್ ಜೈವಿಕ ಹತೋಟಿ ಸಂಸ್ಥೆಯ ಭಾರತೀಯ ಕೇಂದ್ರವು 1957ರಲ್ಲಿ ಅಲ್ಲಿ ಸ್ಥಾಪಿತವಾಗಿತ್ತು. ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಪ್ರಭೇದಗಳನ್ನು ಪರಸ್ಪರ ಸಂಕರಕ್ಕೆ ಒಡ್ಡಿದ ಪರೀಕ್ಷೆಗಳನ್ನು 1968ರಲ್ಲಿ ಪ್ರಕಟಿಸಿದರು. ಈ ಕಣಜಗಳಲ್ಲಿ ಸಾಮಾನ್ಯವಾಗಿ ಫಲಿತವಾದ ಮೊಟ್ಟೆ ಹೆಣ್ಣಾಗುತ್ತದೆ, ಫಲಿಸದ ಮೊಟ್ಟೆ ಗಂಡಾಗುತ್ತದೆ. ಆದುದರಿಂದ ಸಂಕರದಲ್ಲಿ ಹೆಣ್ಣು ಹುಟ್ಟಿತೇ ಇಲ್ಲವೇ ಎಂಬುದೇ ಸಂಬಂಧದ ಆನುವಂಶಿಕ ಸಾಕ್ಷಿಯಾಯಿತು. 1971ರಲ್ಲಿ ಅವರು ಗಂಡಿನ ಜನನಾಂಗದ ರಚನೆಯೇ ಪ್ರಭೇದವನ್ನು ಗುರುತಿಸುವ ಭದ್ರವಾದ ಲಕ್ಷಣವೆಂದು ತೋರಿಸಿದರು. ಇನ್ನೂ ಗಮನಾರ್ಹವಾದುದು 1979ರ ಲೇಖನ. ತಾವೇ 1968ರಲ್ಲಿ ಆಸ್ಟ್ರೇಲಿಕಮ್ ಎಂದು ಕರೆದಿದ್ದ ಭಾರತದ ಕಣಜವು ವಾಸ್ತವವಾಗಿ 1941ರಲ್ಲಿ ಇಷೀ ಎಂಬ ವಿಜ್ಞಾನಿ ಜಪಾನಿನಿಂದ ವರ್ಣಿಸಿದ್ದ ಕಿಲೋನಿಸ್ ಎಂದು ಅವರು ಅದರಲ್ಲಿ ನಿರ್ಣಯಿಸಿದರು.

ಆದರೂ ಒಂದು ಕೊರತೆ ಉಳಿಯಿತು. ಕೆಲವು ಸಂತತಿಗಳಲ್ಲಿ ಗಂಡುಗಳೇ ಇರುವುದಿಲ್ಲ. ಅಲ್ಲಿ ಜನನಾಂಗದ ಪರೀಕ್ಷೆಗಾಗಲಿ ಸಂಕರಕ್ಕಾಗಲಿ ಅವಕಾಶವೆಲ್ಲಿ? ಇಂಥ ಕಣಜಗಳಿಗೆ ಪ್ರತಿಜೀವಕ ಔಷಧ ಕೊಟ್ಟರೆ ಗಂಡುಗಳು ಮರಳಿ ಹುಟ್ಟುತ್ತವೆಂದು ಸ್ಟೌಟ್‌ಹ್ಯಾಮರ್, ಲಕ್ ಮತ್ತು ಹ್ಯಾಮಿಲ್ಟನ್ ಅವರು 1990ರಲ್ಲಿ ತೋರಿಸಿದರು. ಜೀವಕೋಶದೊಳಗೆ ನೆಲಸಿದ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯವೇ ಕಾರಣವೆಂಬುದು ಬಳಿಕ ತಿಳಿಯಿತು.

1999ರಲ್ಲಿ ಸ್ಟೌಟ್‌ಹ್ಯಾಮರ್ ಮತ್ತು ಸಂಗಡಿಗರು ಡಿ.ಎನ್.ಎ. ಗುರುತಿನ ಕ್ರಮವನ್ನು ಮುಂದಿಟ್ಟರು. ರೈಬೋಸೋಮಿನ ಜೀನುಗಳ ನಡುವಣ ಐ.ಟಿ.ಎಸ್.-2 ಎಂಬ ತುಣುಕಿನ ಉದ್ದವೂ ಅಕ್ಷರಕ್ರಮವೂ ಪ್ರಭೇದದಿಂದ ಪ್ರಭೇದಕ್ಕೆ ಭಿನ್ನವಾಗಿರುವುದೇ ಇದರ ಆಧಾರ. ಆ ತುಣುಕನ್ನು ಪ್ರಯೋಗಶಾಲೆಯಲ್ಲಿ ಲಕ್ಷೋಪಲಕ್ಷವಾಗಿ ಹೆಚ್ಚಿಸಿ, ಅದರ ಉದ್ದವನ್ನು ಅಳೆದು, ಕಿಣ್ವಗಳಿಂದ ಕತ್ತರಿಸಿ ನೋಡಿದರೆ ಒಂದೇ ಒಂದು ಕಣಜದಿಂದ, ಅದು ಹೆಣ್ಣಾಗಿದ್ದರೂ, ಹೆಸರು ದೊರೆಯುತ್ತದೆ.

ಹೊಸ ಕ್ರಮವು ಹಳೆಯದನ್ನು ಅನಾವಶ್ಯಕಗೊಳಿಸಿತೆಂದು ಭಾವಿಸಲಾಗದು. ಡಿ.ಎನ್.ಎ. ತಾನಾಗಿ ಹೆಸರನ್ನು ಹೇಳುವುದಿಲ್ಲ. ಮೊದಲೇ ಹೆಸರು ನಿಶ್ಚಯವಾದ ಮಾದರಿಯೊಡನೆ ಹೋಲಿಸಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಆ ನಿಶ್ಚಯಕ್ಕೆ ಬೆಂಗಳೂರಿನ ಸೂಕ್ಷ್ಮದರ್ಶಕದ ಕೆಲಸವೇ ತಳಹದಿಯಾಯಿತು.